ಕಡ್ಡಾಯ ರಜೆಯ ಒಂಬತ್ತನೆಯ ದಿನ

ಊರು ಅಮೆರಿಕದ ಡೆ ಮಾಯ್ನ್. ಕಂಪನಿಯ ಹೆಸರು ಬರೆಯುವುದಿಲ್ಲ. ನಾನಿನ್ನೂ ಅಲ್ಲೇ ಕೆಲಸಕ್ಕಿದ್ದೇನೆ. ವಿಮೆ, ಸಾಲ, ಪಿಂಚಣಿ ಎಲ್ಲವನ್ನೂ ನೋಡಿಕೊಳ್ಳುವ, ನಾಲ್ಕು ಸಾವಿರ ಜನರ ಕಂಪನಿ. ಇದು ನಡೆದದ್ದು ನನ್ನ ಚಿಕ್ಕಮ್ಮನ ಮಗಳು ಮಾರಿಟ್ ಟೊರ್ಗರ್ಸನ್‌ಗೆ. ವಯಸ್ಸು ಮೂವತ್ನಾಲ್ಕು. ಹನ್ನೊಂದು ವರ್ಷದಿಂದ ನಾಲ್ಕನೆಯ ಮಹಡಿಯಲ್ಲಿ ಆರೋಗ್ಯ ವಿಮೆಯ ಅರ್ಜಿಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಕೆಲಸ. ಗಂಡ ಇಲ್ಲ. ಮಗ ಆಂಡರ್ಸ್‌ಗೆ ಆರು ವರ್ಷ, ಸಕ್ಕರೆ ಕಾಯಿಲೆ. ಅವನ ಇನ್ಸುಲಿನ್ ಬರುತ್ತಿದ್ದುದು ತಾಯಿಯ ನೌಕರಿಯ ವಿಮೆಯಿಂದ.

ಇನ್ನೊಂದು ಸಂಗತಿ. ಒಪ್ಪಿಗೆ ಕೊಡುವ ಅಧಿಕಾರವಿರುವವರು ವರ್ಷಕ್ಕೊಮ್ಮೆ ಎರಡು ವಾರ ಕಡ್ಡಾಯವಾಗಿ ರಜೆ ಹೋಗಬೇಕು. ಕಟ್ಟಡದೊಳಗೆ ಕಾಲಿಡುವಂತಿಲ್ಲ, ಕಂಪ್ಯೂಟರ್ ಮುಟ್ಟುವಂತಿಲ್ಲ. ಯಾರಾದರೂ ಮೋಸ ಮುಚ್ಚಿಡುತ್ತಿದ್ದರೆ ಅವರಿಲ್ಲದಾಗ ಅದು ಹೊರಬೀಳುತ್ತದೆ ಎಂಬ ಎಣಿಕೆ. ನಿಯಮ ಮುರಿದರೆ ನೌಕರಿ ಹೋಗುತ್ತದೆ.

ಡಿಸೆಂಬರ್. ರಜೆಯ ಒಂಬತ್ತನೆಯ ದಿನ, ಮಂಗಳವಾರ. ಸಂಜೆ ಆರೂವರೆ, ಕತ್ತಲಾಗಿ ಗಂಟೆಯ ಮೇಲಾಗಿತ್ತು. ಔಷಧದ ಅಂಗಡಿಯಿಂದ ಮನೆಗೆ ಹೊರಟ ಮಾರಿಟ್, ಬೀದಿಯ ಮೇಲೆ ಹಾದುಹೋಗುವ ಗಾಜಿನ ಸೇತುವೆಯಲ್ಲಿ ಬರುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ಬಿಸಿಗಾಳಿಯ ಕೊಳವೆ ಗುಂಯ್ ಎನ್ನುತ್ತಿತ್ತು… ನಿಂತಿತು. ಆಗ ಕೇಳಿಸಿತು.

ಟಕ್ ಟಕ್ ಟಕ್… ಟಕ್. ಟಕ್ ಟಕ್ ಟಕ್… ಟಕ್.

ಮಾರಿಟ್‌ಳ ಎಡಗೈ ಉಂಗುರಬೆರಳು ಮಡಚುವುದಿಲ್ಲ. ಟೈಪ್ ಮಾಡುವಾಗ ಮೂರು ಬಡಿತಕ್ಕೊಮ್ಮೆ ತಡೆಯುತ್ತದೆ. ಇಡೀ ಮಹಡಿಯಲ್ಲಿ ಆ ಸದ್ದು ಅವಳೊಬ್ಬಳದೇ.

ತಲೆಯೆತ್ತಿದಳು. ಎದುರಿಗೆ ಕಂಪನಿಯ ಕಟ್ಟಡ, ನಾಲ್ಕನೆಯ ಮಹಡಿ, ಅವಳ ಮೇಜು. ಅವಳ ಬೂದು ಸ್ವೆಟರ್ ತೊಟ್ಟು ಯಾರೋ ಬೆನ್ನು ಮಾಡಿ ಕೂತಿದ್ದರು. ಆ ಸ್ವೆಟರ್ ಆಗ ಅವಳ ಮೈಮೇಲೇ ಇತ್ತು.

ಸೇತುವೆಯ ತುದಿಯ ಬಾಗಿಲಲ್ಲಿ ಕಾವಲುಗಾರ ಡೆಲ್ಬರ್ಟ್ ಕೂತಿದ್ದ.

"ಡೆಲ್ಬರ್ಟ್… ನನ್ನ ಸೀಟಲ್ಲಿ ಯಾರೋ ಕೂತಿದಾರೆ."

"ನಿಮ್ಮ ಸೀಟಲ್ಲಿ ನೀವೇ ತಾನೆ ಕೂತಿರೋದು? ಬೆಳಿಗ್ಗೆ ಎಂಟಕ್ಕೆ ಬಂದ್ರಲ್ಲ. ನಂಗೆ ಡೋನಟ್ ಬೇರೆ ಕೊಟ್ರಿ." ಅವಳ ಬೂಟಿನ ಹಿಮ ನೋಡಿದ. ಕಂಪ್ಯೂಟರ್ ಪರದೆ ನೋಡಿದ. "…ನೀವು ಹೊರಗೆ ಹೋದದ್ದು ಇದ್ರಲ್ಲಿ ಇಲ್ಲ, ಮೇಡಂ."

"ನಾನು ರಜೆಯಲ್ಲಿದೀನಿ. ಒಂದ್ಸಲ ಒಳಗೆ ಬಿಡಿ."

"ಒಂದು ಕಾರ್ಡಿಗೆ ಒಬ್ಬರೇ. ಒಳಗಿರೋರು ಹೊರಗೆ ಬರ್ದೆ ಬಿಡೋಕಾಗಲ್ಲ." ದನಿ ತಗ್ಗಿಸಿದ. "ಮನೆಗೆ ಹೋಗಿ. ಯಾರಿಗೂ ಹೇಳ್ಬೇಡಿ."

ಹೇಳಿದಳು. ಪ್ರಾಮಾಣಿಕತೆಯನ್ನು ಹನ್ನೊಂದು ವರ್ಷ ಅದೇ ಕಂಪನಿ ಕಲಿಸಿತ್ತು. ಅಲ್ಲಿಂದಲೇ ಮೇಲಧಿಕಾರಿ ಬ್ರೆನ್ನಾಗೆ ಫೋನ್ ಮಾಡಿದಳು.

"ತಮಾಷೆ ಸಾಕು ಮಾರಿಟ್," ಎಂದಳು ಬ್ರೆನ್ನಾ. "ಮಧ್ಯಾಹ್ನ ತಾನೇ ಇಬ್ರೂ ಕೂತು ಮಾತಾಡಿದ್ವಿ… ತಡಿ. ನೀನು ರಜೆಯಲ್ಲಿರ್ಬೇಕಿತ್ತಲ್ವಾ?"

ವಿಚಾರಣೆ ಹದಿನೈದು ನಿಮಿಷ ನಡೆಯಿತು. ಏಳು ಕೆಲಸದ ದಿನಗಳ ಹಾಜರಿ, ಇನ್ನೂರ ಹನ್ನೆರಡು ಅರ್ಜಿಗಳು, ಒಂದರಲ್ಲೂ ತಪ್ಪಿಲ್ಲ. ಬಂದದ್ದು ಅವಳೇ ಆದರೆ ರಜೆಯ ನಿಯಮ ಮುರಿದಿದ್ದಾಳೆ. ಬೇರೆಯವರಾದರೆ ಕಾರ್ಡು, ಪಾಸ್‌ವರ್ಡ್ ಕೊಟ್ಟು ಮುರಿದಿದ್ದಾಳೆ. ಮೂರನೆಯ ಉತ್ತರಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ. ರಜೆಯ ಮೊದಲ ದಿನವೇ ಅವಳ ಪಾಸ್‌ವರ್ಡ್ ಬಂದ್ ಮಾಡಿದ್ದೆವೆಂದು ಕಂಪ್ಯೂಟರ್ ವಿಭಾಗದವನೊಬ್ಬ ಹೇಳಿದ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

"ನಂಗೂ ಅಂಥದ್ದೊಂದು ಸಿಕ್ಕಿದ್ರೆ ಕೂರಿಸಿಬಿಟ್ಟು ಮೀನು ಹಿಡಿಯೋಕೆ ಹೋಗ್ತಿದ್ದೆ," ಎಂದ, ಸುದ್ದಿ ಕೇಳಿ, ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಮೇಲಧಿಕಾರಿ ನೋಡುತ್ತಿದ್ದರು.

ಮಾರಿಟ್‌ಳ ನೌಕರಿ ಹೋಯಿತು. ಡಿಸೆಂಬರ್ ಮೂವತ್ತೊಂದಕ್ಕೆ ವಿಮೆಯೂ ಮುಗಿಯಿತು. ಮಗುವಿಗೆ ಬೇರೆ ವ್ಯವಸ್ಥೆ ಆಗುವವರೆಗೆ ಒಂದೇ ಒಂದು ತಿಂಗಳು ಮುಂದುವರಿಸಿ ಎಂದು ಮಾರಿಟ್ ಅರ್ಜಿ ಹಾಕಿದಳು. ಫ್ರಿಜ್ಜಿನಲ್ಲಿ ಎರಡು ಸೀಸೆ ಉಳಿದಿದ್ದವು. ನಾನು ಎಣಿಸಿದ್ದೆ.

ಉತ್ತರ ಬಂತು. ತಿರಸ್ಕರಿಸಲಾಗಿದೆ. ಕಾರಣವನ್ನು ಒಂದೇ ಸಾಲಿನಲ್ಲಿ, ತಪ್ಪಿಲ್ಲದೆ ಬರೆದಿದ್ದರು. ಕೆಳಗೆ ದಿನಾಂಕ ಜನವರಿ ಹದಿನಾಲ್ಕು. ಪರಿಶೀಲಿಸಿದವರು: ಮಾರಿಟ್ ಟೊರ್ಗರ್ಸನ್, ನಾಲ್ಕನೆಯ ಮಹಡಿ.

ಇದು ನಡೆದದ್ದು. ಪತ್ರ ನನ್ನ ಬಳಿ ಇದೆ. ನಿಮ್ಮ ಪರಿಚಯದವರಲ್ಲಿ ಯಾರಿಗಾದರೂ ಈ ವರ್ಷ ಕಡ್ಡಾಯ ರಜೆ ಬಂದಿದ್ದರೆ, ಅವರು ಹೊರಡುವ ಮೊದಲು ಇದನ್ನು ತಲುಪಿಸಿ. ಅದರಿಂದ ಏನಾದರೂ ತಪ್ಪುತ್ತದೆ ಎಂದು ನಾನು ಹೇಳುತ್ತಿಲ್ಲ. ತಲುಪಿಸಿ, ಅಷ್ಟೆ.