ನಾಲಗೆಯ ಕೆಳಗೆ

ಅಮೀರ್‌ಪೇಟ್‌ನಲ್ಲಿ ಬಸ್ಸು ಹತ್ತಿದ ಪ್ರಿಯಂವದಾ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಕೊಂಡಾಪುರದ ಆಫೀಸು ಬರುವವರೆಗಿನ ಅರೆನಿದ್ದೆ ಅವಳ ಹಕ್ಕು. ಆ ಮಂಪರಿನೊಳಗೆ, ಸುತ್ತಲಿನ ತೆಲುಗಿನ ಗದ್ದಲದ ನಡುವೆ, ಮುಂದಿನ ಸೀಟಿನಿಂದ ತನ್ನ ಊರ ಕಡೆಯ ಕನ್ನಡ ತೇಲಿಬಂತು. ಆಸ್ಪತ್ರೆಯಿಂದ ಮರಳುತ್ತಿದ್ದ ಅಕ್ಕತಂಗಿಯರು.

“ಎದಿಯಾಗಿನ ದೊಡ್ಡ ನರ ಎಲ್ಲಾ ಸಾಫ್ ಅದಾವೇನು, ಅಕ್ಕಾ?”

“ಸಾಫ್ ಅದಾವ. ಅದಕ್ಕ ಮನ್ಯಾಗ ಎಲ್ಲಾರೂ ನಾಟಕ ಅಂತಾರ.”

“ಮತ್ತ ಎದಿನೋವು?”

“ಕೂದಲಿನಂಥ ಸಣ್ಣ ನರ ಇರ್ತಾವಂತ. ಫೋಟೋದಾಗ ಕಾಣಂಗಿಲ್ಲ. ಮುಟ್ಟು ನಿಲ್ಲೋತನಕ ಮೈಯಾಗಿನ ಹಾರ್ಮೋನ್ ಅವನ್ನ ಸಡಿಲ ಇಡತಿತ್ತಂತ. ಈಗ ನಿಂತೈತಲ್ಲ, ಬಿಗಿ ಹಿಡೀತಾವ.”

“ಗುಳಿಗಿ ಕೊಟ್ಟಾರಲ್ಲ?”

“ನಾಲಗಿ ಕೆಳಗ ಇಟ್ರ ಸಡಿಲ ಆಗ್ತಾವ. ಕರಗೋತನಕ ಮಾತಾಡಂಗಿಲ್ಲ. ನಿಮ್ಮ ಮಾಮಾ ಕರೀತಾರ, ನಾ ಓ ಅನ್ನಂಗಿಲ್ಲ. ಸಿಟ್ಟಾಗ್ಯಾಳ ಅಂತ ಅವರು ಉಣ್ಣದ ಮಲಕೋತಾರ.”

“ಹೇಳಬಾರದೇನು?”

“ಕಟ್ಟಿಕೊಂಡ ಗಂಡ ಆದ್ರೂ, ಮುಟ್ಟಿನ ಮಾತು ಗಂಡಸರ ಮುಂದ ಹೆಂಗ ಹೇಳ್ಲಿ?”

ಪ್ರಿಯಂವದಾಳ ಮುಚ್ಚಿದ ಕಣ್ಣೊಳಗೆ ಕೂದಲೆಳೆಯಂಥ ಕೆಂಪು ಓಣಿಗಳು ಒಂದೊಂದಾಗಿ ಮುಚ್ಚಿ, ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಮಾತು ನಿಂತಾಗ ಎಚ್ಚರವಾಯಿತು. ಅಕ್ಕ ಎದೆ ಹಿಡಿದುಕೊಂಡು ತುಟಿ ಬಿಗಿದಿದ್ದಳು. ತಂಗಿ ಬೆನ್ನು ಸವರುತ್ತಿದ್ದಳು. ಅಷ್ಟರಲ್ಲಿ ಅಕ್ಕನ ಮೊಬೈಲು ಹಾಡತೊಡಗಿತು. ತಂಗಿಯೇ ಎತ್ತಿಕೊಂಡಳು.

“ಅಕ್ಕ ಇಲ್ಲೇ ಅದಾಳ್ರಿ ಮಾಮಾ. ಸಿಟ್ಟಲ್ಲರಿ, ನಾಲಗಿ ಕೆಳಗ ಗುಳಿಗಿ ಐತಿ. ಯಾಕಂತ ನಾ ಹೇಳ್ತೀನಿ, ಕೇಳ್ರಿ.”

ಅಕ್ಕ ಬೇಡವೆಂದು ಕೈ ಆಡಿಸಿದಳು. ಬಾಯಿ ಬಿಡುವಂತಿರಲಿಲ್ಲ.

ಅವರ ಸ್ಟಾಪ್ ಬಂದಾಗ ತಂಗಿ ಇನ್ನೂ ಹೇಳುತ್ತಲೇ ಇಳಿದಳು. ಅಕ್ಕ ಅವಳ ಸೆರಗು ಹಿಡಿದು, ಬಾಯಿ ಮುಚ್ಚಿಕೊಂಡೇ, ಕಣ್ಣಲ್ಲಿ ನಾಚುತ್ತ ಹಿಂದೆ ನಡೆದಳು.