ಬಿಚ್ಚಿಹೋದ ಗಂಟು

ಬಾಗಿಲು ಬಡಿದ ಸದ್ದು. ರಾತ್ರಿ ಎಂಟೂವರೆ, ಹೊರಗೆ ಹಿಮ ಬೀಳುತ್ತಿದೆ. ಕೋಣೆಯೊಳಗೆ ಇಬ್ಬರಿದ್ದಾರೆ. ಒಬ್ಬ ಏಳಲು ಹೋದ. ಇನ್ನೊಬ್ಬ ಅವನ ತೋಳು ಹಿಡಿದು ಕೂರಿಸಿದ. ಮತ್ತೆ ಬಡಿದರು. ಮತ್ತೂ ಬಡಿದರು.

ಬಡಿದವರು ಯಾರು? ಬಾಗಿಲು ತೆರೆಯಲು ಅವನಿಗೇನು ಭಯ? ತಾಳಿ, ಆ ಬಾಗಿಲು ಸ್ವಲ್ಪ ಹೊತ್ತು ಹಾಗೆಯೇ ಮುಚ್ಚಿರಲಿ.

ನಮ್ಮ ಸೀಮೆಯ ಒಂದೂರಿನಲ್ಲಿ ಹಣವುಳ್ಳವನೊಬ್ಬನಿದ್ದ. ಎರಡು ಹತ್ತಿ ಗಿರಣಿಗಳ ಒಡೆಯ. ಕುಡಿತವಿಲ್ಲ, ಜೂಜಿಲ್ಲ. ಇದ್ದದ್ದು ಒಂದೇ ಹುಚ್ಚು, ಕ್ಯಾಮೆರಾ. ಅದರಲ್ಲೂ ಮರಗಳ ಚಿತ್ರ ತೆಗೆಯುವ ಹುಚ್ಚು. ನೋಡಿ, ನಮ್ಮ ಬಯಲಿನ ಬೇವು, ಜಾಲಿ ಅವನ ಕಣ್ಣಿಗೆ ಸಾಲಲಿಲ್ಲ. ಹಿಮಾಲಯದ ನೆತ್ತಿಯಲ್ಲಿ ಬೆಳೆಯುವ ಭೂರ್ಜ ಮರಗಳೇ ಬೇಕು. ಹಿಂದಿನವರು ಅದರ ತೊಗಟೆಯ ಮೇಲೆಯೇ ಗ್ರಂಥ ಬರೆಯುತ್ತಿದ್ದರಂತೆ. ನೂರಾರು ವರ್ಷ ಗಾಳಿಯ ಹೊಡೆತ ತಿಂದು, ಮೈ ತಿರುಚಿಕೊಂಡು, ತೊಗಟೆ ಸುಲಿದು, ಹೆಗಲ ತುಂಬ ಹಿಮ ಹೊತ್ತು ನಿಂತ ಮರಗಳವು. ಪ್ರತಿ ಚಳಿಗಾಲದಲ್ಲೂ ಆತ ಅವನ್ನು ಹುಡುಕಿಕೊಂಡು ಹೋಗುತ್ತಿದ್ದ. ಜೊತೆಗೆ ಬಾಲ್ಯದ ಗೆಳೆಯನೊಬ್ಬ, ನಗಿಸಲಿಕ್ಕೆ ಮತ್ತು ಚೀಲ ಹೊರಲಿಕ್ಕೆ.

ಆ ಮಧ್ಯಾಹ್ನ ಮೂರು ಗಂಟೆಗೆ ಅವನಿಗೆ ತನ್ನ ಜೀವಮಾನದ ಮರ ಸಿಕ್ಕಿತು. ದಿಬ್ಬದ ಕಟ್ಟಕಡೆಯ ಅಂಚಿನಲ್ಲಿ ಒಂಟಿಯಾಗಿ ನಿಂತಿತ್ತು. ಹಿಂದೆ ಬೂದು ಆಕಾಶ, ಸುತ್ತ ಒಂದು ಹೆಜ್ಜೆಯ ಗುರುತೂ ಇಲ್ಲದ ಬಿಳುಪು. ಮುಕ್ಕಾಲಿ ನಿಲ್ಲಿಸಿ ಕಣ್ಣಿಟ್ಟು ನೋಡಿದವನ ಮುಖ ಸಿಂಡರಿಸಿತು. ಮರದ ನಡುವಿಗೆ ಯಾರೋ ಒಂದು ಕೆಂಪು ಬಟ್ಟೆ ಕಟ್ಟಿದ್ದರು!

ಗೆಳೆಯ ಹೇಳಿದ, "ಲೇ ಮುಟ್ಟಬ್ಯಾಡೋ. ಯಾರೋ ಹರಕಿ ಕಟ್ಕೊಂಡಾರ."

"ಹರಕಿ ಅಲ್ಲಲೇ, ಹರಕು ಅದು! ಎರಡ ನಿಮಿಷ, ಆಮ್ಯಾಲೆ ಕಟ್ಟಿದ್ರಾತು."

ಬಿಚ್ಚುವುದು ಸುಲಭವಾಗಿರಲಿಲ್ಲ. ಮೂರು ಸುತ್ತು ಹಾಕಿ, ಹಿಮಕ್ಕೆ ಕಲ್ಲಾಗಿದ್ದ ಗಂಟು. ಕೈಗವಸು ಕಳಚಿ, ಉಗುರು ಹಾಕಿ, ಕೊನೆಗೆ ಹಲ್ಲು ಹಾಕಿ ಬಿಚ್ಚಿದ. ಬಟ್ಟೆಯನ್ನು ಚೀಲದ ಅಡಿಗಿಟ್ಟು ನಲವತ್ತು ಚಿತ್ರ ತೆಗೆದ. ಅಷ್ಟರಲ್ಲಿ ಮೋಡ ಇಳಿಯಿತು. ಅವಸರದಲ್ಲಿ ಚೀಲ ಎತ್ತಿದ. ಗಾಳಿ ಬಟ್ಟೆಯನ್ನು ಕಣಿವೆಗೆ ಒಯ್ದಿತು.

"ನಿನ್ನ ಕೊರಳಾಗಿಂದ ಮಫ್ಲರ್ ಆದ್ರೂ ಕಟ್ಟೋ, ಪಾಪ ಯಾರ ಹರಕಿನೋ ಏನೋ."

"ಕಾಶ್ಮೀರದ್ದಲೇ ಇದು! ಮರಕ್ಕೇನು ನೆಗಡಿ ಆಗ್ತದೇನು? ನಡಿ, ನಡಿ."

ಇಬ್ಬರೂ ನಕ್ಕರು. ನಗುತ್ತಲೇ ಇಳಿದರು.

ಸಂಜೆ ಐದಕ್ಕೆ ಬಿಡಾರದ ಯಜಮಾನಿ ಚಹಾ ತಂದಳು. ದಿಬ್ಬದಾಚೆಯ ತಂಗಿಯ ಊರಿಗೆ ಹೋಗಿದ್ದ ತನ್ನ ಗಂಡ ಇಂದು ರಾತ್ರಿ ಬರುತ್ತಾನೆ ಎಂದು ಅವಳೇ ಹೇಳಿದಳು. ಅವರಾಡುವುದು ಗುಡ್ಡಗಾಡಿನ ಹಿಂದಿ. ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಇಂಥ ಹಿಮದಲ್ಲಿ ದಾರಿ ತಪ್ಪಲಿಕ್ಕಿಲ್ಲವೇ?" ಎಂದು ಗೆಳೆಯ ಕೇಳಿದ.

ಅವಳು ನಕ್ಕಳು. "ಹೇಗೆ ತಪ್ಪುತ್ತದೆ, ಸಾಹೇಬರೇ? ಅಂಚಿನ ಮರಕ್ಕೆ ನಮ್ಮೂರ ಅಜ್ಜ ಕೆಂಪು ಬಟ್ಟೆ ಕಟ್ಟಿದ್ದಾನಲ್ಲ. ಲಾಟೀನು ಹಿಡಿದರೆ ಅದೊಂದೇ ಕಾಣುವುದು. ಅದು ಕಂಡಲ್ಲಿ ಎಡಕ್ಕೆ ತಿರುಗಬೇಕು. ಅದರಾಚೆ ನೆಲವಿಲ್ಲ, ಬರೀ ಗಾಳಿಯ ಮೇಲೆ ಹಿಮ ಕೂತಿದೆ."

ಗೆಳೆಯನ ಲೋಟ ತುಟಿಯ ಹತ್ತಿರವೇ ನಿಂತಿತು. ಶ್ರೀಮಂತನ ಕಡೆ ನೋಡಿದ. ಶ್ರೀಮಂತ ಚಹಾ ಕುಡಿಯುತ್ತಿದ್ದ. ನೋಡಿ, ಇಲ್ಲಿಯವರೆಗೆ ಆತ ಮಾಡಿದ್ದು ತಿಳಿಯದೆ ಮಾಡಿದ್ದು. ಈ ಗುಟುಕಿನ ನಂತರದ್ದು ಹಾಗಲ್ಲ. ಇನ್ನೂ ಬೆಳಕಿತ್ತು. ಒಂದು ಮಾತು ಆಡಿದ್ದರೆ ಯಾರಾದರೂ ಹತ್ತಿ ಹೋಗಿ ಮತ್ತೊಂದು ಬಟ್ಟೆ ಕಟ್ಟುತ್ತಿದ್ದರು. ಒಂದೇ ಒಂದು ಮಾತು! ಆದರೆ ಅವನು ತನಗೆ ತಾನೇ ಹೇಳಿಕೊಂಡ: ದಾರಿ ಬಲ್ಲವನು, ಬರುತ್ತಾನೆ, ಸುಮ್ಮನೆ ಪರವೂರಿನಲ್ಲಿ ಹೆಸರು ಕೆಡಿಸಿಕೊಳ್ಳುವುದೇಕೆ?

ಎಂಟೂವರೆಗೆ ಬಾಗಿಲು ಬಡಿದದ್ದು ಇದಕ್ಕೇ, ಅವಳ ಗಂಡ ಇನ್ನೂ ಬಂದಿರಲಿಲ್ಲ. ಕಡೆಗೆ ಗೆಳೆಯನೇ ಕೈ ಕೊಡವಿಕೊಂಡು ಎದ್ದು ತೆರೆದ. ಹೊಸ್ತಿಲಲ್ಲಿ ಯಜಮಾನಿ, ಅವಳ ಹಿಂದೆ ಲಾಟೀನು ಹಿಡಿದ ಮುದುಕ. ಇಪ್ಪತ್ತು ವರ್ಷದಿಂದ ಆ ಮರಕ್ಕೆ ಬಟ್ಟೆ ಕಟ್ಟುತ್ತಿದ್ದವನು ಅವನೇ.

"ಸಾಹೇಬರೇ, ನೀವು ಹಗಲು ಮೇಲೆ ಹೋಗಿದ್ದಿರಿ. ಮರಕ್ಕೆ ಬಟ್ಟೆ ಇತ್ತೇ?" ಎಂದು ಮುದುಕ ಕೇಳಿದ. "ಇದ್ದರೆ ಅವನು ಅಲ್ಲಿ ಬಿದ್ದಿರಲಾರ. ಕೆಳಗೆ ತೊರೆಯ ಕಡೆ ಜಾರಿರಬೇಕು, ಅಲ್ಲಿ ಹುಡುಕುತ್ತೇವೆ. ಇಲ್ಲದಿದ್ದರೆ ನೇರ ಮರದ ಕೆಳಗಿನ ಕೊರಕಲಿಗೇ ಇಳಿಯಬೇಕು. ಎರಡೂ ಕಡೆ ಹೋಗುವಷ್ಟು ಜನರಿಲ್ಲ."

ಗೆಳೆಯ ಕನ್ನಡದಲ್ಲಿ ಹೇಳಿದ, "ಹೇಳಿಬಿಡೋ. ನಿನ್ನ ಕಾಲಿಗೆ ಬೀಳ್ತೀನಿ, ಹೇಳಿಬಿಡು."

"ಬಾಯಿ ಮುಚ್ಚು. ಇಲ್ಲೇ ಕಡಿದು ಹಾಕ್ತಾರ ನಮ್ಮನ್ನ."

ಆ ಹೆಣ್ಣುಮಗಳು ಇವನ ಬಾಯಿಯಿಂದ ಅವನ ಬಾಯಿಗೆ ಕಣ್ಣು ಹೊರಳಿಸುತ್ತಿದ್ದಳು. ತನ್ನ ಗಂಡನ ಪ್ರಾಣ ತನಗೆ ತಿಳಿಯದ ಭಾಷೆಯಲ್ಲಿ ತೀರ್ಮಾನವಾಗುತ್ತಿದೆಯೆಂದು ಅವಳಿಗೇನು ಗೊತ್ತು?

ಶ್ರೀಮಂತ ಮುದುಕನ ಮುಖ ನೋಡದೆ ಹೇಳಿದ: "ಇತ್ತು."

ಸುಳ್ಳೇ? ಯೋಚಿಸಿ. ಅವನು ಹೋದಾಗ ಬಟ್ಟೆ ಇತ್ತಲ್ಲ! ಎಂಥ ನಾಜೂಕಿನ ನಿಜ! ಗೆಳೆಯನೂ ತಲೆ ತಗ್ಗಿಸಿದ. ಅವನ ಪಾಲಿನ ಪಾಪ ಅದು. ಹನ್ನೊಂದು ಜನ ರಾತ್ರಿಯಿಡೀ ತೊರೆಯ ದಂಡೆಯಲ್ಲಿ ಆ ಮನುಷ್ಯನ ಹೆಸರು ಕೂಗಿದರು. ಮರದ ಕೆಳಗಿನ ಕೊರಕಲಿಗೆ ಆ ಕೂಗು ಮುಟ್ಟಲಿಲ್ಲ.

ಬೆಳಗಾದ ಮೇಲೆ ಸಿಕ್ಕಿದ. ಮರದಿಂದ ಇಪ್ಪತ್ತು ಅಡಿ ಕೆಳಗೆ, ಮುರಿದ ಕಾಲು ಚಾಚಿ, ಬಂಡೆಗೆ ಒರಗಿ ಕುಳಿತಿದ್ದ. ತಲೆಯ ಮೇಲೆ, ಹೆಗಲ ಮೇಲೆ ಹಿಮ. ಕಂಕುಳಿಗೆ ಕೈಯಿಟ್ಟು ನೋಡಿದರು. ಉಸಿರಿರಲಿಲ್ಲ, ಆದರೆ ಅಲ್ಲಿ ಇನ್ನೂ ಬೆಚ್ಚಗಿತ್ತು. ಬೆಚ್ಚಗಿತ್ತು ಎಂದರೇನು? ಒಂದೆರಡು ಗಂಟೆ ಮೊದಲು ಬಂದಿದ್ದರೆ ಬದುಕಿರುತ್ತಿದ್ದ ಎಂದರ್ಥ.

ಎಲ್ಲರೂ ತಲೆಯೆತ್ತಿ ಬರಿದಾದ ಮರವನ್ನು ನೋಡಿದರು. ಶ್ರೀಮಂತನೇ ಮೊದಲು ಬಾಯಿ ತೆರೆದ: "ಗಾಳಿಗೆ ಬಿಚ್ಚಿಹೋಗಿರಬೇಕು."

ಹೆಂಡತಿ ಅಳಲಿಲ್ಲ. ಮುದುಕನ ಕಡೆ ತಿರುಗಿ ಕೇಳಿದಳು, "ಅಜ್ಜ, ಎಷ್ಟು ಸುತ್ತು ಹಾಕಿದ್ದೆ?"

"ಮೂರು ಮಗಳೇ. ಮೂರೇ ಹಾಕಿದ್ದೆ." ಮುದುಕ ತನ್ನ ಬೆರಳುಗಳನ್ನು ನೋಡಿಕೊಂಡ. "ಎರಡು ಹಾಕಿದೆನೋ ಏನೋ. ಕೈ ನಡುಗುತ್ತದೆ ಈಗೀಗ. ಎರಡೇ ಹಾಕಿದೆನೋ ಏನೋ."

ಆ ಗಂಟನ್ನು ಹಲ್ಲಿನಿಂದ ಬಿಚ್ಚಿದವನು ಮೂರು ಮಾರು ದೂರದಲ್ಲಿ ನಿಂತಿದ್ದ. ಎಷ್ಟು ಸುತ್ತೆಂದು ಅವನಿಗೆ ಗೊತ್ತಿತ್ತು. ಆಗಲೂ ಹೇಳಲಿಲ್ಲ.

ಆ ಚಿತ್ರಕ್ಕೆ ದೊಡ್ಡ ಬಹುಮಾನ ಬಂತು. ಒಂದು ಕಲೆಯಿಲ್ಲದ ಬಿಳುಪು ಎಂದು ಬಲ್ಲವರು ಹೊಗಳಿದರು. ಗೆಳೆಯ ಅವನ ಮನೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಮುದುಕನ ಕೈಗೆ ಊರವರು ಮತ್ತೆ ಬಟ್ಟೆ ಕೊಡಲಿಲ್ಲ. ಅವನೂ ಕೇಳಲಿಲ್ಲ. ಎದುರಿಗೆ ಆ ಹೆಣ್ಣುಮಗಳು ಬಂದರೆ ದಾರಿಬಿಟ್ಟು ಹಿಮದಲ್ಲಿಳಿದು ನಿಲ್ಲುತ್ತಾನಂತೆ.

ಶ್ರೀಮಂತನನ್ನು ಶಪಿಸುತ್ತಿದ್ದೀರಿ, ಅಲ್ಲವೇ? ಶಪಿಸಿ. ಆದರೆ ಅವನಾಡಿದ ಆ ಮಾತನ್ನು ಒಮ್ಮೆ ತಿರುಗಿಸಿ ನೋಡಿ. ಬಿಚ್ಚಿಹೋಗಿರಬೇಕು. ನಾನು ಬಿಚ್ಚಿದೆ ಎನ್ನಲಿಲ್ಲ, ಬಿಚ್ಚಿಹೋಗಿರಬೇಕು ಎಂದ. ಈ 'ಹೋಗು' ಎಂಬುದು ಎಂಥ ಉಪಕಾರಿ ಪದ ನೋಡಿ! ಮಾಡಿದವನನ್ನು ಹೊರಗೆ ಕಳಿಸಿ, ಕೆಲಸವನ್ನು ಮಾತ್ರ ಒಳಗೆ ಉಳಿಸಿಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಈ ಪದ ದಿನಕ್ಕೆಷ್ಟು ಸಲ ಕೇಳುತ್ತದೆ? ಹಾಲು ಉಕ್ಕಿಹೋಯಿತು. ಕಚೇರಿಯಲ್ಲಿ ಬಡವನ ಅರ್ಜಿ ಕಳೆದುಹೋಯಿತು. ತಮ್ಮನ ಪಾಲಿನ ಹೊಲ ಅದು ಹೇಗೋ ಅಣ್ಣನ ಹೆಸರಿಗೆ ಬಂದುಹೋಯಿತು. ಸೊಸೆಗೆ ಆಡಬಾರದ ಮಾತು ಬಾಯಿಂದ ಬಂದುಹೋಯಿತು. ಹೋಯಿತು, ಹೋಯಿತು, ಹೋಯಿತು! ಮಾಡಿದವರು ಯಾರೂ ಇಲ್ಲವೇ ಈ ಊರಿನಲ್ಲಿ? ಕ್ಷಮೆ ಕೇಳುವಾಗಲೂ 'ತಪ್ಪಾಯಿತು' ಎನ್ನುತ್ತೀರಿ. ಮಳೆಯಾಯಿತು, ಬೆಳಗಾಯಿತು, ತಪ್ಪಾಯಿತು! ತಪ್ಪು ತಾನೇ ಆಗುವುದಿಲ್ಲ. ನೀವು 'ಹೋಯಿತು' ಎಂದಾಗಲೆಲ್ಲ ಎಲ್ಲೋ ಒಬ್ಬ ಮುದುಕ ತನ್ನ ಬೆರಳುಗಳನ್ನು ಅನುಮಾನಿಸುತ್ತಾನೆ. ಒಬ್ಬ ಕೆಲಸದವಳು, ಒಬ್ಬ ಕಿರಿಯ ಗುಮಾಸ್ತ ನಿಮ್ಮ ಗಂಟನ್ನು ಹೊರುತ್ತಾರೆ.

ಈ ಒಂದನ್ನು ಬದಲಿಸಿ, ಬೇರೇನೂ ಬೇಡ. ಇಂದು ಮನೆಗೆ ಹೋಗಿ, 'ಹೋಯಿತು' ಎಂದಲ್ಲಿ 'ಮಾಡಿದೆ' ಎನ್ನಿ. ಅದರ ಮುಂದೆ 'ನಾನು' ಸೇರಿಸಿ. ಕೇಳುವವರು ಹೊಸ್ತಿಲಲ್ಲಿ ನಿಂತಿರುವಾಗಲೇ ಹೇಳಿ. ಮೈ ಬೆಚ್ಚಗಿರುವಾಗಲೇ ಹೇಳಿ.

ಆ ಮುದುಕ ಇನ್ನೂ ಬದುಕಿದ್ದಾನೆಂದು ಕಳೆದ ವಾರ ತಿಳಿಯಿತು. ನಾಳೆ ನಸುಕಿಗೆ ನಾನು ಆ ಊರಿಗೆ ಹೊರಡುತ್ತಿದ್ದೇನೆ. ಕಾವಿ ಉಟ್ಟವನು ಪೂರ್ವಾಶ್ರಮದ ಹೆಸರನ್ನು ಎತ್ತಬಾರದೆಂಬುದು ನಮ್ಮಲ್ಲಿ ಕಟ್ಟುಪಾಡು. ಒಂಬತ್ತು ವರ್ಷ ಆ ಕಟ್ಟುಪಾಡಿನ ಮರೆಯಲ್ಲಿ ಬಚ್ಚಿಟ್ಟುಕೊಂಡದ್ದಾಯಿತು. ಆಯಿತು ಅಲ್ಲ, ಬಚ್ಚಿಟ್ಟುಕೊಂಡೆ.

ಆ ಗಂಟನ್ನು ಬಿಚ್ಚಿದವನು ನಾನು, ಚನ್ನವೀರ ಯಲಿಗಾರ.