ಆಪಲ್ಲಿ ಹಸಿರು, ಅಜ್ಜಿಗೆ ಥೂ

ನಗಬೇಡ್ರೋ. ನಾನು ಹೇಳೋದ್ರಲ್ಲಿ ಅರ್ಧ ಬುರುಡೆ ಅಂತ ಎಲ್ಲರಿಗೂ ಗೊತ್ತು. ಇದು ಉಳಿದರ್ಧ.

ನಮ್ಮ ದೊಡ್ಡಪ್ಪನ ಮಗಳು ಅಕ್ಕ ಇದ್ದಾಳಲ್ಲ… ಅವಳಿಗೇ ಆಗಿದ್ದು. ರಾತ್ರಿ ಬಟ್ಟೆ ಅಂಗಡಿ ಶಟರ್ ಎಳೆದು ಒಬ್ಬಳೇ ನಡಕೊಂಡು ಬರ್ತಿದ್ದಳು. ಹಳೇ ಬಾವಿ ಹತ್ತಿರ ಬಂದಾಗ ಭಾವನ ಫೋನು.

"ಪುಟ್ಟಂಗೆ ಮತ್ತೆ ಜ್ವರ ಕಣೇ. ಕೆಂಡದ ಹಾಗೆ ಸುಡ್ತಿದಾನೆ. ನನ್ನ ಕೈಲಿ ಔಷಧಿ ಕುಡೀತಿಲ್ಲ, ಬೇಗ ಬಾ."

"ಯಾವ ಔಷಧಿ?"

"ಹೋದ ತಿಂಗಳದ್ದೇ, ಫ್ರಿಜ್ಜಲ್ಲಿದೆಯಲ್ಲ. ಆಪಲ್ಲಿ ಹಸಿರು ತೋರಿಸ್ತಿದೆ."

ಆ ವೆಬ್ ಆಪು ಭಾವನೇ ಮಾಡಿದ್ದು. ಮನೇಲಿರೋ ಜಾಮು, ಮಾತ್ರೆ, ಟೂತ್‌ಪೇಸ್ಟು, ಎಲ್ಲದರ ಎಕ್ಸ್‌ಪೈರಿ ಡೇಟೂ ಅದರಲ್ಲಿದೆ. ಚೆನ್ನಾಗಿದ್ರೆ ಹಸಿರು, ಕೆಟ್ಟರೆ ಕೆಂಪು. ಅಕ್ಕನ ಮನೇಲೇ ಇದ್ದ ನಮ್ಮಜ್ಜಿ ಮಾತ್ರ ಅದನ್ನ ನಂಬಲೇ ಇಲ್ಲ. ಅವಳಿಗೆ ಮೂಗೊಂದಿದ್ರೆ ಸಾಕು. ಎರಡು ಸಲ ಮೂಸೋಳು… ಸೂಂ… ಸೂಂ… ಕೆಟ್ಟಿದ್ರೆ "ಥೂ" ಅಂತ ಸಿಂಕಿಗೆ ಸುರಿದು, ಮುಚ್ಚಳ ಬೋರಲು ಹಾಕೋಳು.

"ಅಜ್ಜೀ, ಮೂಗಿಗೆ ರಿಟೈರ್‌ಮೆಂಟ್ ಕೊಡಿ" ಅಂತ ಭಾವ ರೇಗಿಸೋರು.

ಅಜ್ಜಿ ತೀರಿಕೊಂಡು ವರ್ಷ ಆಯ್ತು.

ಅಕ್ಕ ಫೋನ್ ಇಟ್ಟಳು. ಬಾವಿ ಕಡೆಯಿಂದ… ಸೂಂ.

ನಾಯಿ ಇರಬೇಕು ಅಂದುಕೊಂಡು ಬಿರಬಿರನೆ ಹೆಜ್ಜೆ ಹಾಕಿದಳು. ಕಿವಿ ಹಿಂದೆಯೇ… ಸೂಂ. ತಿರುಗಿದರೆ ಯಾರೂ ಇಲ್ಲ. ಎದ್ದೆನೋ ಬಿದ್ದೆನೋ ಅಂತ ಓಡಿದಳು.

ಮನೇಲಿ ಪುಟ್ಟ ತೊಟ್ಟಿಲಲ್ಲಿ ನರಳ್ತಿದ್ದ. ಅಕ್ಕ ಬಾಟಲಿ ಅಲ್ಲಾಡಿಸಿ, ಚಮಚಕ್ಕೆ ಹಾಕಿ, ಅವನ ಬಾಯಿ ಹತ್ತಿರ ಒಯ್ದಳು. ಲೈಟು ಉರೀತಾನೇ ಇತ್ತು. ತೊಟ್ಟಿಲ ಆ ಬದಿಯಿಂದ… ಸೂಂ… ಸೂಂ…

"ರೀ… ಕೇಳಿಸ್ತಾ?"

"ಶ್…"

"ಮಗೂನ ಮೂಸ್ತಿದೆ ರೀ…"

ಚಮಚ ಠಣ್ ಅಂತ ಬಿತ್ತು. ಬಾಟಲಿ ಸ್ಟೂಲ್ ಮೇಲೇ ಬಿಟ್ಟು, ಮಗು ಅವಚಿಕೊಂಡು ಇಬ್ಬರೂ ಬೀದಿಗೆ ಬಂದರು. ಒಳಗಿಂದ ಒಂದೇ ಒಂದು ಸದ್ದು.

ಥೂ.

ಆಮೇಲೆ ಅಡುಗೆಮನೆ ಕಡೆ… ಗುಳು ಗುಳು ಗುಳು.

ಭಾವ ಧೈರ್ಯ ಮಾಡಿ ಹೋಗಿ ನೋಡಿದರು. ಸಿಂಕಲ್ಲಿ ಖಾಲಿ ಬಾಟಲಿ. ಪಕ್ಕದಲ್ಲಿ ಮುಚ್ಚಳ, ಬೋರಲು.

ಅದೇ ಬಾಟಲಿ ಹಿಡಿದು ಆಸ್ಪತ್ರೆಗೆ ಓಡಿದರು. ಡಾಕ್ಟರಮ್ಮ ಬೈದರು: "ಇದರ ಪುಡಿಗೆ ನೀರು ಬೆರೆಸಿದ ಮೇಲೆ ಒಂದು ವಾರ ಅಷ್ಟೇ ರೀ. ಮೇಲಿರೋ ಡೇಟು ಬರೀ ಪುಡೀದು. ತಿಂಗಳಾದ್ಮೇಲೆ ಮಗೂಗೆ ಕುಡಿಸ್ತಿದ್ರಾ?"

ಭಾವ ಅಲ್ಲೇ ಫೋನ್ ತೆಗೆದು ಆಪಲ್ಲಿ ಆ ಔಷಧಿನ ಕೆಂಪು ಮಾಡಿದರು.

ಪುಟ್ಟ ಈಗ ಆರಾಮ. ನನ್ನ ಚಪ್ಪಲಿ ಕಚ್ಚೋವಷ್ಟು ಆರಾಮ.

ಆದ್ರೆ ಆ ಸದ್ದು ನಿಂತಿಲ್ಲ. ಅಡುಗೆಮನೇಲಿ ಅಲ್ಲ… ಭಾವ ಮಲಗಿದ ಮೇಲೆ, ಅವರ ದಿಂಬಿನ ಹತ್ತಿರ. "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಅಂತಾರೆ. ನಿನ್ನೆ ಅವರನ್ನ ಹೆದರಿಸೋಣ ಅಂತ ನಾನೂ ಅಲ್ಲೇ ಮಲಗಿದ್ದೆ. ಈ ನನ್ನ ಕಿವಿಯಾರೆ ಕೇಳಿದೀನಿ ಕಣ್ರೋ… ಸೂಂ… ಸೂಂ…

ಥೂ ಅನ್ನೋದೊಂದು ಇನ್ನೂ ಕೇಳಿಸಿಲ್ಲ.